ದೋಣಿ ಹಿಂದೆ ಟ್ಯೂಬ್: ತುಂಗಭದ್ರಾ ಹಿನ್ನೀರಿಗೆ ಹೊಂದುವ ಮೊದಲ ಸೆಟ್ ಯಾವುದು?

ಟ್ಯೂಬ್ ಅಂದರೆ ಬಳ್ಳಾರಿ, ಕೊಪ್ಪಳ ಕಡೆಯವರಿಗೆ ಮೊದಲು ನೆನಪಾಗುವುದು ಟಿಪ್ಪರ್ ಲಾರಿಯ ಕರಿ ರಬ್ಬರ್ ಟ್ಯೂಬು. ಕಾಲುವೆ, ಕೆರೆಗಳಲ್ಲಿ ಎಷ್ಟೋ ಮಕ್ಕಳು ಈಜು ಕಲಿತದ್ದು ಅದನ್ನು ಅವುಚಿಕೊಂಡೇ. ತೇಲುವುದಕ್ಕೆ ಅದು ಸಾಕು. ಜನರನ್ನು ಕೂರಿಸಿ ಮೋಟಾರು ದೋಣಿಯ ಹಿಂದೆ ಕಟ್ಟಿ ಎಳೆಯುವ ಆಟಕ್ಕೆ ಮಾತ್ರ ಅದನ್ನು ಬಳಸಲೇಬಾರದು. ಅದರಲ್ಲಿ ಹಗ್ಗ ಕಟ್ಟುವ ಜಾಗವೇ ಇಲ್ಲ. ಸುತ್ತಿ ಬಿಗಿದರೆ ಎಳೆತವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ರಬ್ಬರು ಮಡಚಿಕೊಳ್ಳುತ್ತದೆ. ಹಿಡಿಯಲು ಹಿಡಿಕೆ ಇಲ್ಲ. ಗಾಳಿ ತುಂಬುವ ಲೋಹದ ಕಡ್ಡಿ ಒಳಬದಿಗೆ ಚಾಚಿಕೊಂಡಿರುವುದರಿಂದ ವೇಗದಲ್ಲಿ ಉರುಳಿದವರ ತೊಡೆ, ಪಕ್ಕೆ ಸೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಡುವಿನ ತೂತಿನಲ್ಲಿ ಕೂತವರ ಸೊಂಟ ನೀರಿನ ಕೆಳಗೆ ಜೋತುಬಿದ್ದಿರುತ್ತದೆ. ಮುಳುಗಿದ ಮರದ ಬೊಡ್ಡೆಯೊಂದು ಅಡ್ಡ ಬಂದರೆ ಮೊದಲು ತಾಗುವುದು ಬೆನ್ನುಮೂಳೆಯ ಬುಡಕ್ಕೆ.

ಎಳೆಯಲೆಂದೇ ಮಾಡಿದ ಟ್ಯೂಬು ಬೇರೆಯದೇ ವಸ್ತು. ಒಳಗೆ ಗಾಳಿ ಹಿಡಿಯುವ ಪಿವಿಸಿ ಚೀಲ, ಮೇಲೆ ನೈಲಾನ್ ಬಟ್ಟೆಯ ಗವಸು, ಆ ಗವಸಿಗೆ ಹೊಲಿದ ಅಗಲ ಪಟ್ಟಿಗಳು, ಪಟ್ಟಿಗಳೆಲ್ಲ ಬಂದು ಸೇರುವ ಒಂದು ಎಳೆಗೊಂಡಿ. ಎಳೆತವನ್ನು ಹೊರುವುದು ಗವಸು. ಒಳಚೀಲ ಬರೀ ಆಕಾರ ಕೊಡುತ್ತದೆ. ಕೊಳ್ಳುವಾಗ ಗವಸಿನ ಬಟ್ಟೆ 840 ಡೆನಿಯರ್ (ನೂಲಿನ ದಪ್ಪದ ಅಳತೆ) ಇದೆಯೇ, ಎಳೆಗೊಂಡಿಯ ಬಳಿ ಜೋಡಿ ಹೊಲಿಗೆ ಇದೆಯೇ, ಹಿಡಿಕೆಗಳ ಕೆಳಗೆ ಗೆಣ್ಣು ತರಚದಂತೆ ಮೆತ್ತೆ ಇದೆಯೇ, ಇವಿಷ್ಟನ್ನು ನೋಡಬೇಕು. ಗವಸೇ ಇಲ್ಲದ, ಬರೀ ಪಿವಿಸಿ ಹಾಳೆಯ ಅಗ್ಗದ ಟ್ಯೂಬುಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಅವು ಈಜುಕೊಳದ ಆಟಿಕೆಗಳು.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಹೊಸಬರು ಕೊಳ್ಳಬಹುದಾದ ಒಂದು ಪೂರ್ಣ ಸೆಟ್ಟು: ಸ್ಪೋರ್ಟ್ಸ್‌ಸ್ಟಫ್ ಕಂಪನಿಯ ಬಿಗ್ ಮೇಬಲ್ ಎಂಬ ಇಬ್ಬರ ಟ್ಯೂಬು, ನಾಲ್ವರ ಟ್ಯೂಬಿಗೆ ತಕ್ಕ ಬಲದ 60 ಅಡಿ ಹಗ್ಗ, ದೋಣಿಯ ಹಿಂಬದಿಗೆ ಕಟ್ಟುವ ಕವಲುಹಗ್ಗ, ಹಗ್ಗವನ್ನು ಎತ್ತಿ ಹಿಡಿಯುವ ಬೂಸ್ಟರ್ ಬಾಲ್, 12 ವೋಲ್ಟ್ ಪಂಪು, ಲೈಫ್ ಜಾಕೆಟ್. ದುಡ್ಡು ಕಡಿಮೆ ಬಿದ್ದರೆ ಟ್ಯೂಬಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬಹುದು, ಬೂಸ್ಟರ್ ಬಾಲ್ ಮುಂದಿನ ವರ್ಷಕ್ಕೆ ಬಿಡಬಹುದು. ಹಗ್ಗದಲ್ಲಿ, ಜಾಕೆಟ್ಟಿನಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬಾರದು. ಅಂಗಡಿಗಳು ಹೊಳೆಯುವ ಟ್ಯೂಬನ್ನು ಮುಂದಿಟ್ಟು ಹಗ್ಗವನ್ನು ಮೂಲೆಯಲ್ಲಿಡುತ್ತವೆ; ಕೊಳ್ಳುವವರು ಆ ಮೂಲೆಯಿಂದ ಶುರು ಮಾಡಲಿ.

ಟ್ಯೂಬು: ಕೂರುವುದೋ, ಮಲಗುವುದೋ

ಎಳೆಯುವ ಟ್ಯೂಬುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹೊಟ್ಟೆ ಕೆಳಗಾಗಿ ಮಲಗುವ ಚಪ್ಪಟೆ ಡೆಕ್ ಟ್ಯೂಬು. ತಗ್ಗಿನೊಳಗೆ ಕೂರುವ ಕಾಕ್‌ಪಿಟ್ ಟ್ಯೂಬು. ಬೆನ್ನಿಗೆ ಒರಗು ಇರುವ ರಥದ ಮಾದರಿ. ಏರ್‌ಹೆಡ್ ಕಂಪನಿಯ ಸ್ಲೈಸ್ ಮೊದಲ ಬಗೆಗೆ ಒಳ್ಳೆಯ ಉದಾಹರಣೆ, ಬಿಗ್ ಮೇಬಲ್ ಮೂರನೆಯದಕ್ಕೆ.

ಹೊಸಬರಿಗೆ ಬಿಗ್ ಮೇಬಲ್ಲೇ ಸರಿ. ಡೆಕ್ ಟ್ಯೂಬಿನ ಮೇಲೆ ಇಡೀ ದೇಹವನ್ನು ಹಿಡಿದಿಡುವುದು ಎರಡು ಅಂಗೈ, ಎರಡು ಮುಂಗೈ. ಅಭ್ಯಾಸವಿಲ್ಲದವರಿಗೆ ಕೆಲವೇ ನಿಮಿಷಗಳಲ್ಲಿ ಹಿಡಿತ ಸೋಲುತ್ತದೆ, ಅಲೆ ಹಾರಿದಾಗೆಲ್ಲ ಎದೆ ಹೊಡೆಯುತ್ತದೆ, ಎರಚುವ ನೀರೆಲ್ಲ ಮುಖಕ್ಕೇ. ಬಿಗ್ ಮೇಬಲ್‌ನಲ್ಲಿ ಸೋಫಾದಲ್ಲಿ ಕೂತಂತೆ ಒರಗಿ ಕೂರಬಹುದು. ಕಾಲು ಮುಂದೆ, ತಲೆ ಹಿಂದೆ, ಕಣ್ಣು ದೋಣಿಯ ಕಡೆ. ದೋಣಿಯಲ್ಲಿರುವವರಿಗೆ ಕೂತವರ ಮುಖ ಕಾಣುತ್ತದೆ, ಹೆದರಿದ್ದಾರೋ ನಗುತ್ತಿದ್ದಾರೋ ತಿಳಿಯುತ್ತದೆ. ಮಕ್ಕಳನ್ನು ಕೂರಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಇದರ ಇನ್ನೊಂದು ಅನುಕೂಲ ಮುಂದೆ ಒಂದು, ಹಿಂದೆ ಒಂದು ಎಳೆಗೊಂಡಿ ಇರುವುದು. ಮುಂದಿನದಕ್ಕೆ ಹಗ್ಗ ಹಾಕಿದರೆ ಕೂರುವ ರಥ. ಹಿಂದಿನದಕ್ಕೆ ಹಾಕಿದರೆ ಒರಗು ಮುಂದಾಗಿ, ಮಂಡಿಯೂರಿ ಅಥವಾ ಮಲಗಿ ಹೋಗುವ ಟ್ಯೂಬು. ಕೈ ಪಳಗಿದ ಮೇಲೆ ಬೇರೆ ಟ್ಯೂಬು ಕೊಳ್ಳುವ ಖರ್ಚು ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಗಾಳಿ ತುಂಬುವ ಬಾಯಿ ಅಗಲವಾಗಿರುವುದರಿಂದ ತುಂಬುವುದೂ ಬಿಡುವುದೂ ಬೇಗ.

ಕೊರತೆಗಳೂ ಇವೆ. ಇಬ್ಬರು ಎಂದು ಬರೆದಿದ್ದರೂ ತೂಕದ ಮಿತಿ 340 ಪೌಂಡ್, ಅಂದರೆ ಸುಮಾರು 154 ಕಿಲೋ. 80 ಕಿಲೋದ ಇಬ್ಬರು ಕೂತರೆ ಮಿತಿ ದಾಟಿತು. ಭಾರ ಹೆಚ್ಚಾದಾಗ ಹಿಂಬದಿ ಕುಸಿದು ಸೀಟಿನಲ್ಲಿ ನೀರು ನಿಲ್ಲುತ್ತದೆ, ಆ ನೀರಿನ ಭಾರವನ್ನೂ ಹಗ್ಗವೇ ಎಳೆಯಬೇಕು. ಎತ್ತರದ ಒರಗು ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುವುದು ಎರಡನೆಯ ಕೊರತೆ. ಜೂನ್‌ನಿಂದ ಆಗಸ್ಟ್‌ವರೆಗಿನ ನೈಋತ್ಯ ಗಾಳಿಯಲ್ಲಿ ಖಾಲಿ ಟ್ಯೂಬು ತಾನಾಗಿಯೇ ಮಗುಚಿಕೊಳ್ಳುತ್ತದೆ. ದಡದಲ್ಲಿ ಇಟ್ಟಿದ್ದರೂ ಕಟ್ಟಿಯೇ ಇಡಬೇಕು. ಇನ್ನೊಂದು, ಗಾಳಿ ತುಂಬಿದ ಮೇಲೆ ಇದು ಸಣ್ಣ ದೋಣಿಯೊಳಗೆ ಹಿಡಿಸುವುದಿಲ್ಲ. ದಡದಲ್ಲೇ ತುಂಬಿ, ನಿಧಾನವಾಗಿ ಎಳೆದುಕೊಂಡು ಹೋಗುವುದೇ ದಾರಿ.

ಗಾಳಿಯ ವಿಷಯ ಬಂದಾಗ ಕೈಟ್ ಟ್ಯೂಬಿನ ಮಾತೂ ಹೇಳಬೇಕು. ವೇಗಕ್ಕೆ ನೀರಿನಿಂದ ಮೇಲೆದ್ದು ಹಾರುವಂತೆ ಮಾಡಿದ ಟ್ಯೂಬುಗಳು ಅಮೆರಿಕದಲ್ಲಿ ಮಾರಾಟವಾಗಿದ್ದವು. ಸಾವು, ಗಂಭೀರ ಗಾಯಗಳ ವರದಿ ಬಂದ ಮೇಲೆ 2006ರಲ್ಲಿ ಅಲ್ಲಿನ ಪ್ರಮುಖ ಮಾದರಿಯನ್ನು ಮಾರುಕಟ್ಟೆಯಿಂದ ವಾಪಸು ಪಡೆಯಲಾಯಿತು. ಹಳೆಯ ಸಾಮಾನಿನ ಮಾರಾಟದಲ್ಲಿ ಅಂಥದ್ದು ಕಂಡರೆ ಕೊಳ್ಳಬೇಡಿ. ಟ್ಯೂಬು ನೀರಿಗೆ ಅಂಟಿಕೊಂಡೇ ಓಡಬೇಕು.

ಹಗ್ಗ

ಅಮೆರಿಕದ ಜಲಕ್ರೀಡಾ ಉದ್ಯಮ ಸಂಘ ಹಗ್ಗದ ಬಲಕ್ಕೆ ಒಂದು ಪಟ್ಟಿ ಕೊಟ್ಟಿದೆ. ಒಳ್ಳೆಯ ಕಂಪನಿಗಳೆಲ್ಲ ಅದನ್ನೇ ಪಾಲಿಸುತ್ತವೆ. ಒಬ್ಬರ ಟ್ಯೂಬಿಗೆ ಕನಿಷ್ಠ 1,500 ಪೌಂಡ್, ಇಬ್ಬರಿಗೆ 2,375, ಮೂವರಿಗೆ 3,350, ನಾಲ್ವರಿಗೆ 4,100 ಪೌಂಡ್ ಎಳೆತಕ್ಕೂ ತುಂಡಾಗದ ಹಗ್ಗ ಬೇಕು. ಕಿಲೋ ಲೆಕ್ಕದಲ್ಲಿ ಇವು ಸುಮಾರು 680, 1,077, 1,520, 1,860. ಉದ್ದ 50 ಅಡಿಗಿಂತ ಕಡಿಮೆ ಇರಬಾರದು, 65 ಅಡಿ ಮೀರಬಾರದು. ಗಿಡ್ಡವಾದರೆ ಟ್ಯೂಬು ಮೋಟಾರಿನ ನೊರೆಯಲ್ಲಿ, ಹೊಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ದವಾದರೆ ತಿರುವಿನಲ್ಲಿ ಟ್ಯೂಬು ಎಲ್ಲಿಗೆ ಬೀಸಿಕೊಂಡು ಹೋಗುತ್ತದೆಂದು ದೋಣಿ ನಡೆಸುವವರ ಅಂದಾಜಿಗೆ ಸಿಗುವುದಿಲ್ಲ.

ಇಬ್ಬರು ಕೂರುವ ಟ್ಯೂಬಿಗೆ ಟನ್ನಿಗೂ ಮೀರಿದ ಬಲ ಯಾಕೆ ಎಂದು ಕೇಳುವವರಿದ್ದಾರೆ. ಸಮನಾಗಿ ಓಡುವಾಗಿನ ಎಳೆತ ಅಷ್ಟೇನೂ ಇಲ್ಲ. ಟ್ಯೂಬು ಅಲೆಯಿಂದ ಹಾರಿ ಬಿದ್ದಾಗ ಹಗ್ಗ ಒಂದು ಗಳಿಗೆ ಸಡಿಲಾಗಿ, ಮರುಗಳಿಗೆ ಜಗ್ಗಿಕೊಳ್ಳುತ್ತದಲ್ಲ, ಹಗ್ಗ ಹರಿಯುವುದು ಆ ಜಗ್ಗಿನಲ್ಲಿ. ಟ್ಯೂಬಿನ ಮೂತಿ ನೀರಿಗೆ ಇಳಿದಾಗಲೂ ಹಾಗೆಯೇ. ಬಿಗಿದ ಹಗ್ಗ ತುಂಡಾದರೆ ಅದರ ತುದಿ ಚಾಟಿಯೇಟಿನ ವೇಗದಲ್ಲಿ ದೋಣಿಯೊಳಗೆ ಬರುತ್ತದೆ, ಹಿಂದೆ ತಿರುಗಿ ಕೂತು ನೋಡುತ್ತಿರುವವರ ಮುಖದ ಎತ್ತರಕ್ಕೆ. ಹಾಗಾಗಿ ಇಬ್ಬರ ಟ್ಯೂಬಿಗೂ ನಾಲ್ವರ ಹಗ್ಗವನ್ನೇ ಕೊಳ್ಳಿ ಎಂಬುದು ಇಲ್ಲಿನ ಖಚಿತ ಸಲಹೆ. ಬೆಲೆಯ ಅಂತರ ಸಣ್ಣದು, ಮುಂದೆ ದೊಡ್ಡ ಟ್ಯೂಬು ಬಂದರೂ ಅದೇ ಹಗ್ಗ ನಡೆಯುತ್ತದೆ.

ಹಗ್ಗದ ಅಂಗಡಿಯಲ್ಲಿ ಸಿಗುವ ಹಳದಿ ಪ್ಲಾಸ್ಟಿಕ್ ಹಗ್ಗವೋ, ಲಾರಿ ಲೋಡಿಗೆ ಬಿಗಿಯುವ ನೈಲಾನ್ ಹಗ್ಗವೋ ಸಾಕಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಸಾಲದು. ನೈಲಾನ್ ನೀರಿಗಿಂತ ಭಾರ, ಮುಳುಗುತ್ತದೆ. ದೋಣಿ ನಿಂತ ಕೂಡಲೇ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಜೊತೆಗೆ ಬಹಳ ಹಿಗ್ಗುತ್ತದೆ, ಹಿಗ್ಗಿದ್ದಷ್ಟೂ ತುಂಡಾದಾಗಿನ ಹೊಡೆತ ಜೋರು. ಪಾಲಿಪ್ರೊಪಿಲೀನ್ ತೇಲುತ್ತದೆ, ಟ್ಯೂಬಿನ ಹಗ್ಗಗಳನ್ನು ಅದರಿಂದಲೇ ಹೆಣೆಯುವುದು. ಅಂಗಡಿಯ ಹಳದಿ ಹಗ್ಗವೂ ಅದೇ ಪ್ಲಾಸ್ಟಿಕ್ಕಿನದಿರಬಹುದು. ಆದರೆ ಅದಕ್ಕೆ ಬಲದ ಮುದ್ರೆ ಇಲ್ಲ, ತುದಿಗೆ ಗಂಟು ಹಾಕಲೇಬೇಕು, ಗಂಟು ಬಿದ್ದ ಕಡೆ ಹಗ್ಗದ ಬಲ ಅರ್ಧದಷ್ಟು ಇಳಿದುಬಿಡುತ್ತದೆ. ಟ್ಯೂಬಿನ ಹಗ್ಗದಲ್ಲಿ ಎರಡೂ ತುದಿಗೆ ಹೆಣೆದ ಕುಣಿಕೆ ಇರುತ್ತದೆ. ವಾಟರ್ ಸ್ಕೀ ಹಗ್ಗವನ್ನೂ ಬಳಸಬಾರದು, ಅದು ಒಬ್ಬ ನಿಂತ ಮನುಷ್ಯನ ಎಳೆತಕ್ಕೆ ಮಾಡಿದ್ದು.

ನಮ್ಮ ಬಿಸಿಲಿನಲ್ಲಿ ಹಗ್ಗದ ಆಯುಷ್ಯ ಪೊಟ್ಟಣದ ಮೇಲಿನ ಲೆಕ್ಕಕ್ಕೆ ಸಿಗುವುದಿಲ್ಲ. ಪಾಲಿಪ್ರೊಪಿಲೀನಿಗೆ ನೇರಳಾತೀತ ಕಿರಣವೇ ದೊಡ್ಡ ಶತ್ರು. ಬಣ್ಣ ಮಾಸಿ, ಎಳೆಗಳು ನವಿರೆದ್ದು, ಬೆರಳಲ್ಲಿ ಉಜ್ಜಿದರೆ ಪುಡಿ ಉದುರಿದರೆ ಆ ಹಗ್ಗ ದನ ಕಟ್ಟುವುದಕ್ಕೆ ಮಾತ್ರ ಯೋಗ್ಯ. ನೀರಿಗಿಳಿಯುವ ಪ್ರತಿ ದಿನ ಹಗ್ಗದ ಪೂರ್ತಿ ಉದ್ದವನ್ನು ಕೈಯಲ್ಲಿ ಸವರಿ ನೋಡಬೇಕು. ನಡುವೆ ಗಂಟು ಬಿದ್ದಿದ್ದರೆ ಬಿಚ್ಚದೆ ಬಳಸಬಾರದು.

ಬೂಸ್ಟರ್ ಬಾಲ್ ಟ್ಯೂಬಿನ ಮುಂದೆ ಹಗ್ಗಕ್ಕೆ ಪೋಣಿಸುವ ಗಾಳಿಚೆಂಡು. ಹಗ್ಗವನ್ನು ನೀರಿನಿಂದ ಮೇಲೆತ್ತುವುದರಿಂದ ಕೂತವರ ಮುಖಕ್ಕೆ ಎರಚಲು ಕಡಿಮೆ. ತುಂಗಭದ್ರಾ ಹಿನ್ನೀರಿನಲ್ಲಿ ಅದಕ್ಕಿಂತ ದೊಡ್ಡ ಉಪಯೋಗವಿದೆ. ಹರಗೋಲಿನಲ್ಲಿ ಕೂತ ಮೀನುಗಾರನಿಗೆ ದೋಣಿ ಕಾಣುತ್ತದೆ, ಟ್ಯೂಬು ಕಾಣುತ್ತದೆ. ನಡುವಿನ 60 ಅಡಿ ಹಗ್ಗ ಕಾಣುವುದಿಲ್ಲ. ಕೆಂಪು ಇಲ್ಲವೇ ಹಳದಿ ಚೆಂಡು ಅದನ್ನು ತೋರಿಸಿಕೊಡುತ್ತದೆ.

ದೋಣಿ, ಮೋಟಾರು, ಕಟ್ಟುವ ಜಾಗ

ಜಲಾಶಯದಲ್ಲಿ ಮೀನುಗಾರಿಕೆಗೆ ಬಳಸುವ ಸಣ್ಣ ಮೋಟಾರಿನ ದೋಣಿಗಳಿಂದ ಇದು ಆಗದ ಕೆಲಸ. ಟ್ಯೂಬು ನೀರನ್ನು ಉಳುವುದು ಬಿಟ್ಟು ಮೇಲೆ ಜಾರತೊಡಗಲು ಗಂಟೆಗೆ 15ರಿಂದ 20 ಕಿ.ಮೀ. ವೇಗ ಬೇಕು. 8–10 ಎಚ್‌ಪಿ ಮೋಟಾರು ಭಾರವಿರುವ ಟ್ಯೂಬನ್ನು ಅಲ್ಲಿಗೆ ಮುಟ್ಟಿಸುವುದಿಲ್ಲ. ಮೋಟಾರು ಬಿಸಿಯೇರುತ್ತದೆ, ಕೂತವರು ನೀರು ಕುಡಿಯುತ್ತಾರೆ. 5–6 ಮೀಟರಿನ ಫೈಬರ್ ದೋಣಿಗೆ 60 ಎಚ್‌ಪಿ ಔಟ್‌ಬೋರ್ಡ್ ಇದ್ದರೆ ಇಬ್ಬರಿಗೆ ನಿರಾಳ. ಮೂವರ ಟ್ಯೂಬಿಗೆ 90 ಬೇಕು.

ಔಟ್‌ಬೋರ್ಡ್ ಮೋಟಾರು ದೋಣಿಯ ಹಿಂಬದಿಯ ನಡುವೆ ಕೂತಿರುವುದರಿಂದ ಹಗ್ಗವನ್ನು ನೇರ ನಡುವಿಗೆ ಕಟ್ಟಲಾಗದು. ಒಂದೇ ಬದಿಯ ಕೊಂಡಿಗೆ ಕಟ್ಟಿದರೆ ದೋಣಿ ಸದಾ ಆ ಕಡೆಗೆ ಎಳೆಯುತ್ತದೆ. ಎರಡೂ ಬದಿಯ ಕೊಂಡಿಗಳಿಗೆ ಸೇರುವ ಕವಲುಹಗ್ಗ, ಅದರ ಮೇಲೆ ಜಾರುವ ಗಾಲಿ, ಗಾಲಿಗೆ ಟ್ಯೂಬಿನ ಹಗ್ಗ. ತಿರುವಿನಲ್ಲಿ ಗಾಲಿ ತಾನೇ ಆಚೀಚೆ ಸರಿದು ಎಳೆತ ಹಂಚುತ್ತದೆ. ಕವಲುಹಗ್ಗದ ಬಲ ಮುಖ್ಯ ಹಗ್ಗದಷ್ಟೇ ಇರಬೇಕು, ನಡುವೆ ಒಂದು ತೇಲುಬೆಂಡು ಇರಬೇಕು. ದೋಣಿಯ ಕೊಂಡಿಗಳ ಹಿಂದೆ, ಒಳಬದಿಯಲ್ಲಿ, ಅಗಲ ವಾಷರ್ ಅಥವಾ ಲೋಹದ ಪಟ್ಟಿ ಹಾಕಿ ನಟ್ಟು ಬಿಗಿದಿದೆಯೇ ನೋಡಿ. ಬರೀ ಫೈಬರಿಗೆ ಸ್ಕ್ರೂ ಹೊಡೆದ ಕೊಂಡಿ ಕಿತ್ತು ಬರುತ್ತದೆ. ಲಂಗರು ಕಟ್ಟುವ ಕೊಕ್ಕೆ, ಕೈಗಂಬಿ, ಏಣಿ, ವೇಕ್‌ಬೋರ್ಡಿಗೆ (ಹಲಗೆಯ ಮೇಲೆ ನಿಂತು ದೋಣಿಯ ಹಿಂದೆ ಜಾರುವ ಆಟಕ್ಕೆ) ಹಾಕಿದ ಎತ್ತರದ ಕಮಾನು, ಇವುಗಳಿಗೆ ಟ್ಯೂಬು ಕಟ್ಟುವಂತಿಲ್ಲ.

ಇನ್‌ಲ್ಯಾಂಡ್ ವೆಸಲ್ಸ್ ಕಾಯ್ದೆ 2021ರ ಪ್ರಕಾರ ಯಂತ್ರದಿಂದ ನಡೆಯುವ ದೋಣಿಗೆ ನೋಂದಣಿ, ತಪಾಸಣೆ ಬೇಕು. ಜಲಾಶಯದಲ್ಲಿ ಇಳಿಸುವುದಕ್ಕೆ ಅಣೆಕಟ್ಟಿನ ಆಡಳಿತದಿಂದ ಬರಹದ ಅನುಮತಿಯನ್ನೂ ಪಡೆದುಕೊಳ್ಳಿ. ಸಾಮಾನು ಕೊಳ್ಳುವ ಮೊದಲೇ ಈ ಕೆಲಸ ಮುಗಿದಿರಲಿ.

ಲೈಫ್ ಜಾಕೆಟ್

ದೋಣಿ ವಿಹಾರದಲ್ಲಿ ಕೊಡುವ, ಎದೆಯ ಮೇಲೆ ಒಂದು ದಾರ ಕಟ್ಟುವ ಕೇಸರಿ ಜಾಕೆಟ್ಟು ಟ್ಯೂಬಿಗೆ ಬರುವುದಿಲ್ಲ. ಗಂಟೆಗೆ 25–30 ಕಿ.ಮೀ. ವೇಗದಲ್ಲಿ ನೀರಿಗೆ ಬಿದ್ದಾಗ ಅದು ಕುತ್ತಿಗೆಯ ಮೇಲಕ್ಕೆ ಜಾರಿ ಮುಖ ಮುಚ್ಚುತ್ತದೆ, ಇಲ್ಲವೇ ಬಿಚ್ಚಿಯೇ ಹೋಗುತ್ತದೆ. ಫೋಮ್ ತುಂಬಿದ, ಮೂರು ಅಥವಾ ನಾಲ್ಕು ಬಕಲ್ ಇರುವ ಜಾಕೆಟ್ಟು ಬೇಕು. ಈಜು ಬಲ್ಲವರಿಗೆ ಐಎಸ್‌ಒ 12402-5 ಮುದ್ರೆಯ, 50 ನ್ಯೂಟನ್ ತೇಲಿಸುವ ಬಲದ ಜಾಕೆಟ್ಟು ನಡೆಯುತ್ತದೆ. ಈಜು ಬಾರದವರಿಗೆ 100 ನ್ಯೂಟನ್, ಅಂದರೆ 12402-4. ನೀರು ತಾಗಿದೊಡನೆ ತಾನೇ ಉಬ್ಬುವ ತೆಳು ಜಾಕೆಟ್ಟುಗಳನ್ನು ಟ್ಯೂಬಿನ ಮೇಲೆ ಹಾಕಲೇಬಾರದು. ಅವು ಮೊದಲ ಎರಚಲಿಗೇ ಉಬ್ಬಿಕೊಳ್ಳುತ್ತವೆ, ಬಿದ್ದ ಹೊಡೆತಕ್ಕೆ ಕೆಡುತ್ತವೆ.

ಅಳತೆ ನೋಡುವ ಕ್ರಮ ಸುಲಭ. ಬಕಲ್ಲು ಕೆಳಗಿನಿಂದ ಮೇಲಕ್ಕೆ ಬಿಗಿಯಿರಿ. ಇನ್ನೊಬ್ಬರು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಲಿ. ಜಾಕೆಟ್ಟಿನ ಅಂಚು ಗಲ್ಲ ಮುಟ್ಟಿದರೆ ದೊಡ್ಡದಾಯಿತು. ಮಕ್ಕಳದರಲ್ಲಿ ತೊಡೆಸಂದಿಯ ಪಟ್ಟಿ ಇರಲೇಬೇಕು. ಮುಂದಿನ ವರ್ಷಕ್ಕೂ ಆಗಲಿ ಎಂದು ಮಕ್ಕಳಿಗೆ ದೊಡ್ಡ ಅಂಗಿ ಹೊಲಿಸುವ ರೂಢಿಯನ್ನು ಜಾಕೆಟ್ಟಿಗೆ ತರಬೇಡಿ.

ಗಾಳಿ ತುಂಬುವುದು

ಅತಿ ಹೆಚ್ಚು ಟ್ಯೂಬು ಹಾಳಾಗುವುದು ನೀರಿನ ಮೇಲಲ್ಲ, ದಡದಲ್ಲಿ ಗಾಳಿ ತುಂಬುವಾಗ. ಈ ಟ್ಯೂಬುಗಳಿಗೆ ಬೇಕಾದ ಒತ್ತಡ ಒಂದರಿಂದ ಒಂದೂವರೆ ಪಿಎಸ್‌ಐ ಮಾತ್ರ. ಬೈಕಿನ ಟೈರಿಗೆ ಹಾಕುವುದರ ಹತ್ತನೇ ಒಂದು ಭಾಗವೂ ಅಲ್ಲ. ಬೇಕಿರುವುದು ರಾಶಿ ಗಾಳಿ, ಕಡಿಮೆ ಒತ್ತಡ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ತುಂಬಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಚೀಲದ ಬೆಸುಗೆ ಬಿಟ್ಟುಕೊಳ್ಳುತ್ತದೆ. ಕಾರಿನ ಟೈರಿಗೆಂದು ಮಾರುವ ಸಣ್ಣ 12 ವೋಲ್ಟ್ ಪಂಪು ಬೇಕಿರುವುದರ ತಿರುಗುಮುರುಗು: ಒತ್ತಡ ಬಹಳ, ಗಾಳಿ ತೀರಾ ಕಡಿಮೆ; ಟ್ಯೂಬು ತುಂಬುವ ಮೊದಲೇ ಅದರ ಮೋಟಾರು ಸುಡುತ್ತದೆ. ಬ್ಯಾಟರಿಗೆ ಕ್ಲಿಪ್ಪು ಹಾಕುವ, ಟ್ಯೂಬಿಗೆಂದೇ ಮಾಡಿದ ದೊಡ್ಡ ಗಾಳಿಯ ಪಂಪು ಕೊಳ್ಳಿ. ಅದು ಮುಕ್ಕಾಲು ಪಾಲು ಕೆಲಸ ಮಾಡುತ್ತದೆ, ಕೊನೆಯ ಬಿಗಿಯನ್ನು ಕೈಪಂಪಿನಲ್ಲಿ ಕೊಟ್ಟರೆ ಅಳತೆ ಕೈಯಲ್ಲೇ ಇರುತ್ತದೆ.

ಕ್ರಮ ಹೀಗಿರಲಿ. ನೆಲದ ಮೇಲೆ ಮೊದಲು ತಾಡಪಾಲು ಹಾಸಿ, ಕಲ್ಲು ಮುಳ್ಳು ಗುಡಿಸಿ. ಬಯಲಿನ ಜಾಲಿಮುಳ್ಳು ಗವಸನ್ನೂ ದಾಟಿ ಒಳಗಿಳಿಯುತ್ತದೆ. ಒಳಚೀಲವನ್ನು ಗವಸಿನೊಳಗೆ ಹರಡಿ, ಗಾಳಿಬಾಯಿ ಗವಸಿನ ಕಿಂಡಿಗೆ ಸರಿಯಾಗಿ ಬರುವಂತೆ ಕೂರಿಸಿ. ಅರ್ಧ ಗಾಳಿ ತುಂಬಿ ನಿಲ್ಲಿಸಿ, ಕೈ ಹಾಕಿ ಸುಕ್ಕು, ಮಡಿಕೆ ಬಿಡಿಸಿ. ಜಿಪ್ಪು ಎಳೆದು ಅದರ ತಲೆಯನ್ನು ಮಡಿಕೆಯೊಳಗೆ ಸೇರಿಸಿ, ಆಮೇಲೆ ಪೂರ್ತಿ ತುಂಬಿ. ಗವಸಿನ ಮೇಲೆ ಸುಕ್ಕು ಇರಬಾರದು. ದೊಡ್ಡವರು ನಿಂತರೆ ಪಾದ ಒಂದೆರಡು ಅಂಗುಲ ಇಳಿಯಬೇಕು, ಅಷ್ಟೇ. ಗಾಳಿ ಕಡಿಮೆಯಾದ ಟ್ಯೂಬು ನಡುವೆ ಮಡಚಿ ಮೂತಿ ನೀರಿಗಿಡುತ್ತದೆ, ಎಳೆಗೊಂಡಿಯ ಹೊಲಿಗೆ ಕಿತ್ತು ಬರುತ್ತದೆ. ಹೊಸಬರು ಮೆತ್ತಗಿರಲಿ ಎಂದು ಕಡಿಮೆ ತುಂಬುವುದೇ ಹೆಚ್ಚು.

ಬಿಸಿಲಿನ ಲೆಕ್ಕ ಬೇರೆ ಇದೆ. ಬೆಳಿಗ್ಗೆ 30 ಡಿಗ್ರಿಯಲ್ಲಿ ಒಂದೂವರೆ ಪಿಎಸ್‌ಐ ತುಂಬಿದ ಟ್ಯೂಬನ್ನು ದಡದ ಬಿಸಿಲಿಗೆ ಬಿಟ್ಟು ಒಳಗಾಳಿ 50 ಡಿಗ್ರಿಗೆ ಕಾದರೆ ಒತ್ತಡ ಎರಡೂವರೆ ಪಿಎಸ್‌ಐ ಹತ್ತಿರ ಹೋಗುತ್ತದೆ. ಗವಸು ಹಿಗ್ಗಲು ಬಿಡುವುದಿಲ್ಲ, ಬೆಸುಗೆ ಸೋಲುತ್ತದೆ. ಊಟಕ್ಕೆಂದು ದಡಕ್ಕೆ ಬಂದಾಗ ಸ್ವಲ್ಪ ಗಾಳಿ ಬಿಡಿ, ಇಲ್ಲವೇ ಟ್ಯೂಬನ್ನು ನೀರಿನಲ್ಲೇ ನೆರಳಿಗೆ ಕಟ್ಟಿ. ಮಧ್ಯಾಹ್ನ ದಡದಲ್ಲಿ ಬಿಗಿಯಾಗಿ ತುಂಬಿದ್ದು ತಣ್ಣೀರಿಗಿಳಿದೊಡನೆ ಮೆತ್ತಗಾಗುತ್ತದೆ. ನೀರಿಗಿಳಿಸಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಒತ್ತಿ ನೋಡಿ, ಬೇಕಿದ್ದರೆ ತುಂಬಿ.

ಎಳೆಯುವುದು, ಬೀಳುವುದು, ಹತ್ತಿಸಿಕೊಳ್ಳುವುದು

ದೋಣಿಯಲ್ಲಿ ಇಬ್ಬರಿರಬೇಕು. ಒಬ್ಬರು ಮುಂದೆ ನೋಡಿ ನಡೆಸುವವರು, ಇನ್ನೊಬ್ಬರು ಹಿಂದೆ ತಿರುಗಿ ಟ್ಯೂಬನ್ನೇ ನೋಡುವವರು. ಕನ್ನಡಿ ಇದೆಯಲ್ಲ ಎಂದು ಒಬ್ಬರೇ ಹೊರಡುವುದು ತಪ್ಪು. ಸನ್ನೆಗಳನ್ನು ದಡದಲ್ಲೇ ಕಲಿಯಿರಿ: ಹೆಬ್ಬೆರಳು ಮೇಲೆ ಎಂದರೆ ವೇಗ ಬೇಕು, ಕೆಳಗೆ ಎಂದರೆ ನಿಧಾನ, ಕುತ್ತಿಗೆಯ ಮುಂದೆ ಕೈ ಬೀಸಿದರೆ ನಿಲ್ಲಿಸು, ತಲೆ ತಟ್ಟಿಕೊಂಡರೆ ವಾಪಸ್ ಹೋಗೋಣ. ನೀರಿಗೆ ಬಿದ್ದವರು ಕೂಡಲೇ ಕೈ ಎತ್ತಬೇಕು. ಎತ್ತದಿದ್ದರೆ ಪೆಟ್ಟಾಗಿದೆ ಎಂದೇ ಎಣಿಸಿ ಹೋಗಬೇಕು.

ಹೊರಡುವಾಗ ಹಗ್ಗ ನಿಧಾನವಾಗಿ ಬಿಗಿಯಾಗಲಿ. ಸಡಿಲ ಹಗ್ಗಕ್ಕೆ ಒಮ್ಮೆಲೇ ವೇಗ ಕೊಟ್ಟರೆ ಕೂತವರ ಕುತ್ತಿಗೆ ಹಿಂದಕ್ಕೆ ಹೊಡೆಯುತ್ತದೆ. ಕೂತವರು ಬೆನ್ನನ್ನು ಒರಗಿಗೆ ಒತ್ತಿ ಭಾರ ಹಿಂದಿಡಬೇಕು, ಮೂತಿ ಏಳಬೇಕು. ಹಗುರ ಮಗು ಒಂದು ಕಡೆ, ದಪ್ಪ ಅಪ್ಪ ಇನ್ನೊಂದು ಕಡೆ ಕೂತರೆ ಟ್ಯೂಬು ಓರೆಯಾಗಿ ಓಡುತ್ತದೆ, ತಿರುವಿನಲ್ಲಿ ಮಗು ದೊಡ್ಡವರ ಮೇಲೆ ಬೀಳುತ್ತದೆ. ತಲೆಗೆ ತಲೆ ಬಡಿಯುವುದು ಟ್ಯೂಬಿನ ಮೇಲಿನ ಸಾಮಾನ್ಯ ಗಾಯಗಳಲ್ಲೊಂದು. ಸಮ ತೂಕದವರನ್ನೇ ಜೋಡಿಸಿ. ಹಿಡಿಕೆಯೊಳಗೆ ಮುಂಗೈ ತೂರಿಸುವುದು, ಪಟ್ಟಿಗೆ ಕಾಲು ಸಿಕ್ಕಿಸುವುದು ಬೇಡ. ಬೀಳುವ ಹೊತ್ತಿಗೆ ಬಿಡುವುದಕ್ಕೆ ಬರಬೇಕು. ಉಂಗುರ, ಬಳೆ, ತಾಳಿಸರ ದಡದಲ್ಲೇ ಬಿಚ್ಚಿಡಿ. ಸೀರೆ, ದುಪಟ್ಟಾ ಪೂರ್ತಿ ನಿಷಿದ್ಧ.

ವೇಗದ ಮೇಲ್ಮಿತಿ ದೊಡ್ಡವರಿಗೆ ಗಂಟೆಗೆ 32 ಕಿ.ಮೀ., ಮಕ್ಕಳಿಗೆ 24. ಮೊದಲ ಸಲದವರಿಗೆ 18–20 ಸಾಕು. ದೋಣಿ ತಿರುಗಿದಾಗ ಹೊರ ಅಂಚಿಗೆ ಬೀಸಿಹೋದ ಟ್ಯೂಬು ದೋಣಿಗಿಂತ ಬಹಳ ಹೆಚ್ಚು ವೇಗದಲ್ಲಿರುತ್ತದೆ, ವೇಗಮಾಪಕದಲ್ಲಿ ಅದು ಕಾಣುವುದಿಲ್ಲ. ಹಗ್ಗದ 60 ಅಡಿ, ಕೈಬಿಟ್ಟ ಮೇಲೂ ಮನುಷ್ಯ ನೀರಿನ ಮೇಲೆ ಜಾರುವ ದೂರ, ಎರಡನ್ನೂ ಕೂಡಿಸಿದರೆ ದಡ, ಬಂಡೆ, ಬಲೆ, ಹರಗೋಲು ಯಾವುದೇ ಇರಲಿ, ದೋಣಿಯಿಂದ ಕನಿಷ್ಠ 45 ಮೀಟರ್ ದೂರ ಇರಬೇಕು.

ಬಿದ್ದವರ ಬಳಿ ಬರುವಾಗ ನಡೆಸುವವರ ಬದಿಯಲ್ಲೇ ಅವರು ಇರುವಂತೆ ನಿಧಾನವಾಗಿ ಬಂದು ಎಂಜಿನ್ ಪೂರ್ತಿ ಆರಿಸಿ. ನ್ಯೂಟ್ರಲ್ ಸಾಲದು, ಗೇರಿಗೆ ಯಾರದೋ ಮೊಣಕೈ ತಾಗಿದರೆ ಪ್ರೊಪೆಲ್ಲರ್ ತಿರುಗುತ್ತದೆ. ಹತ್ತಿಸಿಕೊಂಡು, ಎಣಿಸಿ, ಹಗ್ಗ ಎಲ್ಲಿದೆ ನೋಡಿ, ಆಮೇಲೆ ಚಾಲೂ ಮಾಡಿ. ನಡೆಸುವವರ ಮಣಿಕಟ್ಟಿಗೆ ಎಂಜಿನ್ ಆರಿಸುವ ದಾರ ಸದಾ ಇರಲಿ.

ನೀರು ಎಲ್ಲಿ ಸರಿ, ಎಲ್ಲಿ ಬೇಡ

ಕೊಪ್ಪಳ ಜಿಲ್ಲೆಯ ಕಡೆಯ ಹಿನ್ನೀರು ಅಗಲವಾಗಿದೆ, ಟ್ಯೂಬಿಗೆ ಬೇಕಾದ ಬಯಲು ಅಲ್ಲಿದೆ. ಆದರೆ ಅದು ನೀರು ತುಂಬಿದಾಗಿನ ಮಾತು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ. ಮಳೆಗಾಲ ಮುಗಿದು ಗಾಳಿ ತಗ್ಗಿದ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಬೆಳಗಿನ ಹೊತ್ತು ಚಲೋ ಕಾಲ. ಕಾಲುವೆಗಳಿಗೆ ನೀರು ಹರಿದಂತೆ ಮಟ್ಟ ಇಳಿಯುತ್ತದೆ. ಬೇಸಿಗೆಯಲ್ಲಿ ಮುಳುಗಡೆ ಊರುಗಳ ಗೋಡೆ, ಮರದ ಬೊಡ್ಡೆ, ಗುಂಡುಬಂಡೆಗಳು ನೀರಿನ ಮೇಲ್ಮೈಗೆ ಒಂದೆರಡು ಅಡಿ ಕೆಳಗೆ ಬಂದು ನಿಲ್ಲುತ್ತವೆ. ಕಾಣುವ ಬಂಡೆಗಿಂತ ಕಾಣದ ಬಂಡೆ ಅಪಾಯ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ತುಂಬಿದ್ದ ಜಲಾಶಯದ ಮಟ್ಟ ಕೆಲವೇ ದಿನಗಳಲ್ಲಿ ಇಳಿದದ್ದನ್ನು ಎಲ್ಲರೂ ಕಂಡಿದ್ದಾರೆ. ಹಿಂದಿನ ತಿಂಗಳು ಆಳವಿದ್ದ ಜಾಗ ಈಗಲೂ ಆಳವಿದೆ ಎಂದು ನಂಬಬೇಡಿ. ಮೊದಲು ಖಾಲಿ ದೋಣಿಯಲ್ಲಿ ನಿಧಾನವಾಗಿ ಇಡೀ ಓಟದ ದಾರಿ ಸುತ್ತಿ, ತೂಕ ಕಟ್ಟಿದ ದಾರ ಇಳಿಸಿ ಆಳ ಅಳೆಯಿರಿ. ಎಲ್ಲೂ ಎರಡು ಮೀಟರಿಗಿಂತ ಕಡಿಮೆ ಇರಬಾರದು.

ಬಲೆಗಳನ್ನು ಹುಡುಕುವುದೂ ಆ ಸುತ್ತಿನಲ್ಲೇ. ಥರ್ಮಾಕೋಲ್ ತುಂಡು, ಖಾಲಿ ನೀರಿನ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಎಂದರ್ಥ. ಪ್ರೊಪೆಲ್ಲರಿಗೆ ಸುತ್ತಿಕೊಂಡ ಬಲೆ ಮೋಟಾರಿನ ಎಣ್ಣೆಸೀಲನ್ನು ಕೊಯ್ಯುತ್ತದೆ. ಮೀನುಗಾರನ ಮನೆಯ ಅನ್ನವೂ ಹರಿದುಹೋಗುತ್ತದೆ. ದಡದ ಮೀನುಗಾರರನ್ನು ಮೊದಲೇ ಕೇಳಿ, ಅವರು ಹೇಳಿದ ಗೆರೆ ದಾಟಬೇಡಿ. ಬಂಡೆ ಎಲ್ಲಿದೆ ಎಂಬುದೂ ಅವರಿಗೇ ಗೊತ್ತು. ನೀರು ಪಾಚಿಯಿಂದ ಹಸಿರುಗಟ್ಟಿದ ದಿನಗಳಲ್ಲಿ ಇಳಿಯದಿರುವುದೇ ಲೇಸು, ಟ್ಯೂಬಿನಿಂದ ಬಿದ್ದವರು ನೀರು ಕುಡಿಯದೆ ಇರುವುದಿಲ್ಲ.

ಹಂಪಿ ಬಳಿಯ ಸಣಾಪುರ ಕೆರೆ ಚೆಂದ. ಅಲ್ಲಿ ಟ್ಯೂಬಿಗೆ ಬೇಕಾದ ಬಯಲಿಲ್ಲ. ಸುತ್ತ ಬಂಡೆ, ನೀರ ತುಂಬ ಹರಗೋಲು. ಅಣೆಕಟ್ಟಿನ ಕೆಳಗಿನ ನದಿ ಬೇಡವೇ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಮೊಸಳೆಗಳ ನೆಲೆಯೂ ಹೌದು. ರಾಯಚೂರಿನವರು ಕೃಷ್ಣೆಯ ಬಗ್ಗೆ ಕೇಳುತ್ತಾರೆ. ಅಲ್ಲಿಯೂ ಮೊಸಳೆಗಳಿವೆ, ಬಂಡೆಗಳಿವೆ, ಹರಿವಿದೆ. ಎಡದಂಡೆ, ಬಲದಂಡೆ ಕಾಲುವೆಗಳಲ್ಲಿ ಕಾಂಕ್ರೀಟಿನ ಇಳಿಜಾರು ದಡ ಹತ್ತಲು ಬರುವುದಿಲ್ಲ, ಹರಿವಿನ ಸೆಳೆತ ನಿಲ್ಲುವುದಿಲ್ಲ. ಅಲ್ಲಿ ಯಾವ ಆಟವೂ ಬೇಡ.

ಒಣಗಿಸುವುದು, ತೇಪೆ ಹಾಕುವುದು

ಬಳಸಿದ ಮೇಲೆ ಗವಸಿನ ಜಿಪ್ಪು ತೆಗೆದು ಒಳಗಿನ ಮರಳು, ಹೂಳು ತೊಳೆಯಿರಿ. ಗವಸಿಗೂ ಒಳಚೀಲಕ್ಕೂ ನಡುವೆ ಸಿಕ್ಕ ಮರಳು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಒಣಗಿಸುವುದು ನೆರಳಿನಲ್ಲೇ. ಮಡಿಚಿಟ್ಟಲ್ಲಿ ಇಲಿ ಬಾರದಂತೆ ತಗಡಿನ ಡಬ್ಬಿಯಲ್ಲೋ ತೂಗುಹಾಕಿಯೋ ಇಡಿ.

ತೂತಾದರೆ ಪಂಕ್ಚರ್ ಅಂಗಡಿಯ ರಬ್ಬರ್ ಸೊಲ್ಯೂಷನ್ ಪಿವಿಸಿಗೆ ಹಿಡಿಯುವುದಿಲ್ಲ, ಸಂಜೆಯೊಳಗೆ ಕಿತ್ತು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ನೀರಿನ ಪೈಪಿಗೆ ಹಚ್ಚುವ ಪಿವಿಸಿ ಅಂಟು ಇನ್ನೂ ಕೆಟ್ಟದ್ದು. ಅದು ತೆಳು ಹಾಳೆಯನ್ನು ಕರಗಿಸಿ ಗಟ್ಟಿ ಮಾಡಿ ಬಿರುಕು ಬಿಡಿಸುತ್ತದೆ. ಮೆತ್ತನೆ ಪಿವಿಸಿ ಹಾಳೆಗೆಂದೇ ಇರುವ ವಿನೈಲ್ ಅಂಟನ್ನು ಟ್ಯೂಬಿನ ಜೊತೆಗೇ ತರಿಸಿ. ಸೋಪುನೀರು ಹಚ್ಚಿ ಗುಳ್ಳೆ ಏಳುವ ಜಾಗ ಗುರುತಿಸಿ, ಗಾಳಿ ಪೂರ್ತಿ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ. ತೂತಿನ ಸುತ್ತ ಎಲ್ಲ ಕಡೆ ಎರಡು ಅಂಗುಲ ಮೀರುವಂತೆ ತೇಪೆ ಕತ್ತರಿಸಿ ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ. ಎರಡೂ ಕಡೆ ತೆಳುವಾಗಿ ಅಂಟು ಹಚ್ಚಿ, ಬೆರಳಿಗೆ ಜಿಗುಟಾಗುವವರೆಗೆ ಬಿಟ್ಟು, ನಡುವಿನಿಂದ ಅಂಚಿಗೆ ಒತ್ತುತ್ತ ಗಾಳಿಗುಳ್ಳೆ ಹೊರಡಿಸಿ, ಮೇಲೆ ಸಮನಾದ ಹಲಗೆ, ಹಲಗೆಯ ಮೇಲೆ ಭಾರ ಇಟ್ಟು 24 ಗಂಟೆ ಮುಟ್ಟದೆ ಬಿಡಿ. ಬೆಸುಗೆಯ ಗೆರೆಯಲ್ಲೇ ಬಿಟ್ಟುಕೊಂಡ ಚೀಲಕ್ಕೆ ತೇಪೆ ನಿಲ್ಲದು. ಗವಸು ಚೆನ್ನಾಗಿದ್ದರೆ ಅದೇ ಮಾದರಿಯ ಒಳಚೀಲವನ್ನಷ್ಟೇ ತರಿಸಿಕೊಳ್ಳಿ. ಹೊಲಿಗೆ ಕಿತ್ತ ಗವಸಿಗೆ ಮಾತ್ರ ಚಮ್ಮಾರರ ಹೊಲಿಗೆ ಹಾಕಿಸಿ ಮತ್ತೆ ಎಳೆಯುವಂತಿಲ್ಲ, ಎಳೆಗೊಂಡಿಯ ಬಳಿ ಕಿತ್ತಿದ್ದರೆ ಆ ಟ್ಯೂಬನ್ನು ದಡದಲ್ಲಿ ಮಕ್ಕಳು ಕೂರುವುದಕ್ಕೆ ಬಿಟ್ಟುಬಿಡಿ.